ಕುರುಬನಿಲ್ಲದ ಮಂದೆ

೧೯೧೪ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಯುರೋಪಿನಲ್ಲಿ ಹೊತ್ತಿದ ಯುದ್ಧಾಗ್ನಿಯ ಕಾವು ಕನ್ನಡನಾಡಿನ ಅನೇಕ ಬಡ ಕುಟುಂಬಗಳ ಒಲೆಯವರೆಗೂ ಬಂದು ತಾಗಿತು. ಅವು ಬಾಸೆಲ್ ಮಿಶನ್ನಿನ ಸಭೆಗಳಿಗೆ ಸೇರಿದ ಕ್ರೈಸ್ತ ಕುಟುಂಬಗಳು. ೧೮೩೪ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಈ ಮಿಶನ್ ೧೮೩೭ರಲ್ಲಿ ಧಾರವಾಡಕ್ಕೂ, ೧೮೩೯ರಲ್ಲಿ ಹುಬ್ಬಳ್ಳಿಗೂ, ಬಳಿಕ ಸೇಡಂ, ಚಿತಾಪುರಗಳನ್ನೊಳಗೊಂಡಿದ್ದ ನಿಜಾಮ ಸೀಮೆಯ ಗಡಿಗೆ ಅನತಿದೂರವಾದ ಬೆಟಗೇರಿಗೂ ಹಬ್ಬಿತ್ತು. ಬಾಸೆಲ್ ಸ್ವಿಸ್ ಪಟ್ಟಣವಾದರೂ ಅಲ್ಲಿಂದ ಬಂದ ಬೋಧಕರಲ್ಲಿ ಬಹುಮಂದಿ ಜರ್ಮನರು; ಯುದ್ಧ ಸಾರಿದೊಡನೆ ಅವರು ಆಂಗ್ಲ ಸರಕಾರದ ಕಣ್ಣಿಗೆ ಶತ್ರುಗಳಾದರು.

ಸಭೆಯವರ ಕಳವಳವೆಷ್ಟೆಂಬುದನ್ನು ತಿಳಿಯಬೇಕಾದರೆ ಅವರ ಹಿಂದಿನ ಸ್ಥಿತಿಯನ್ನು ನೋಡತಕ್ಕದ್ದು. ಮತಾಂತರ ಹೊಂದಿದವನ ಪಿತ್ರಾರ್ಜಿತದ ಹಕ್ಕನ್ನು ೧೮೫೦ರ ಕಾನೂನು ಕಾಗದದ ಮೇಲೆ ಕಾಪಾಡಿತು. ಆದರೆ ಬಂಧುಗಳ ಪಂಕ್ತಿಯನ್ನೂ ಊರಬಾವಿಯ ನೀರನ್ನೂ ಯಾವ ಕಾನೂನು ಕೊಡಿಸೀತು? ಕಳೆದುಹೋದ ಬಳಗದ ಸ್ಥಾನದಲ್ಲಿ ಮಿಶನ್ನೇ ನಿಂತಿತು. ನೇಯ್ಗೆಯ ಮಗ್ಗ, ಮುದ್ರಣಾಲಯ, ೧೮೬೫ರಲ್ಲಿ ಪ್ಲೆಬ್ಸ್ಟ್ ಎಂಬವನು ಮಂಗಳೂರಿನಲ್ಲಿ ಸ್ಥಾಪಿಸಿದ ಹಂಚಿನ ಕಾರ್ಖಾನೆ, ಇವೇ ಅನೇಕರ ಅನ್ನಕ್ಕೆ ದಾರಿ. ಶಾಲೆಯೂ ಅದರದೇ, ದೇವಾಲಯವೂ ಅದರದೇ. ಈ ಆಶ್ರಯವು ಉಪಕಾರವೆಂಬುದು ನಿಜ. ಪರಾಧೀನತೆಯ ಬೀಜವೂ ಅದರಲ್ಲೇ ಇದ್ದಿತೆಂಬುದು ಅಷ್ಟೇ ನಿಜ.

ಜರ್ಮನ್ ಬೋಧಕರನ್ನು ಅಹಮದ್‌ನಗರದ ಶಿಬಿರದಲ್ಲಿರಿಸಲಾಯಿತು. ೧೯೧೫-೧೬ರಲ್ಲಿ 'ಗೋಲ್ಕೊಂಡ' ಎಂಬ ಹಡಗು ಬಂಧಿತರಲ್ಲಿ ಅನೇಕರನ್ನು ಅವರ ದೇಶಕ್ಕೆ ಒಯ್ದಿತು. ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ನಾಳೆ ಕೂಲಿ ಕೊಡುವವರಾರು, ಮಕ್ಕಳ ಶಾಲೆ ಉಳಿದೀತೇ, ಶತ್ರುಗಳ ಶಿಷ್ಯರೆಂಬ ಸಂಶಯ ತಮ್ಮ ಮೇಲೂ ಬಿದ್ದೀತೇ ಎಂಬ ಪ್ರಶ್ನೆಗಳು ಮನೆಮನೆಯಲ್ಲಿ ಏಳುವುದು ಸಹಜವಾಗಿತ್ತು. ೧೯೧೮ರ ವಿಷಮಜ್ವರವು ಹಿಂದೂದೇಶದಲ್ಲಿ ಒಂದು ಕೋಟಿಗೂ ಮೇಲ್ಪಟ್ಟು ಜನರನ್ನು ನುಂಗಿದಾಗ ಜೀವನದ ಚಿಂತೆಗೆ ಮರಣದ ಭಯವೂ ಕೂಡಿತು.

ಈ ದಿನಗಳಲ್ಲಿ ಸಭೆಗೆ ಆಧಾರವಾದದ್ದು ಬಹುಕಾಲದಿಂದ ಅದರೊಳಗೇ ಸಿದ್ಧವಾಗಿದ್ದ ವಸ್ತು. ೧೮೪೪ರಲ್ಲಿ ದೀಕ್ಷಾಸ್ನಾನ ಹೊಂದಿದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ಬಾಸೆಲಿನಲ್ಲಿ ವ್ಯಾಸಂಗಮಾಡಿ ೧೮೫೧ರಲ್ಲಿ ಬೋಧಕರಾಗಿ ಅಭಿಷಿಕ್ತರಾಗಿದ್ದರು. ಅಂದಿನಿಂದ ಬೆಳೆದ ದೇಶೀಯ ಬೋಧಕರ ಪರಂಪರೆಗೆ ಅರುವತ್ತು ವರ್ಷಗಳ ವಯಸ್ಸಾಗಿತ್ತು, ವೇದಿಕೆ ಬರಿದಾಗಲಿಲ್ಲ. ಕನ್ನಡದಲ್ಲಿ ಸಂಪೂರ್ಣ ಬೈಬಲು ೧೮೩೧ರಷ್ಟು ಹಿಂದೆಯೇ ಬಳ್ಳಾರಿಯ ಹ್ಯಾಂಡ್ಸರ ಶ್ರಮದಿಂದ ಬಂದಿದ್ದರಿಂದ ಮನೆಯ ಪ್ರಾರ್ಥನೆಗೆ ಪರದೇಶೀಯನ ಹಂಗಿರಲಿಲ್ಲ.

ನಾಳೆಯ ಊಟ ಉಡುಪುಗಳಿಗಾಗಿ ಚಿಂತಿಸಬೇಡಿರೆಂದು ಯೇಸುವು ಬೆಟ್ಟದ ಮೇಲೆ ಬೋಧಿಸಿದ್ದು ಪ್ರಸಿದ್ಧವಾಗಿದೆ. ಕೂಲಿ ನಿಂತವನಿಗೆ ಇದನ್ನು ಮಾತ್ರ ಹೇಳಿದರೆ ಅದು ಗದರಿಕೆಯಂತೆ ಕೇಳಿಸಬಹುದು. ಆದರೆ ಅದೇ ಗ್ರಂಥದ ಕೀರ್ತನೆಗಳಲ್ಲಿ ಭಕ್ತನು ತನ್ನ ಅಂಜಿಕೆಯನ್ನು ಮುಚ್ಚಿಡುವುದಿಲ್ಲ. ದೇವರೇ ಎಷ್ಟರವರೆಗೆ ಎಂದು ಮೊರೆಯಿಡುತ್ತಾನೆ, ಜಗಳವಾಡುತ್ತಾನೆ. ಅದನ್ನು ಸಭೆಯೆಲ್ಲ ಕೂಡಿ ಓದಿದಾಗ ಒಬ್ಬೊಬ್ಬನ ಗುಟ್ಟಾದ ಭಯವು ಎಲ್ಲರ ಬಾಯಿಂದ ಹೊರಬರುತ್ತದೆ. ಚಿಂತೆಗೆ ನಾಚಿಕೆಯೂ ಸೇರಿದರೆ ಅದು ಇಮ್ಮಡಿಯಾಗುವುದೆಂಬುದನ್ನು ಸಂಸಾರಿಗಳಾದ ಓದುಗರು ಬಲ್ಲರು. ಸಾಮೂಹಿಕ ಪ್ರಾರ್ಥನೆಯು ಮೊದಲು ಕಳೆದದ್ದು ಆ ನಾಚಿಕೆಯನ್ನೇ. ಕೂಲಿಯ ಪ್ರಶ್ನೆ ಪ್ರಾರ್ಥನೆಯಿಂದ ಬಗೆಹರಿಯಿತೆಂದು ಹೇಳಲಾಗದು; ಅದು ಒಡೆಯರು ಬದಲಾದ ಕಾರ್ಖಾನೆಗಳಲ್ಲಿಯೇ ತೀರಬೇಕಾಯಿತು.

ಜರ್ಮನ್ ಬೋಧಕರಿಗೆ ೧೯೨೦ರ ದಶಕದ ನಡುವಿನವರೆಗೂ ಮರಳಲು ಎಡೆಯಿರಲಿಲ್ಲ. ಅವರು ತಂದಿದ್ದ ಸಂಗೀತಗಳ ಧಾಟಿಗಳು ಮಾತ್ರ ಹಡಗು ಹತ್ತಲಿಲ್ಲ. ಲೂಥರನ ನಾಡಿನ ಆ ಧಾಟಿಗಳಿಗೆ ಕನ್ನಡದ ನುಡಿಗಳನ್ನು ಹೊಂದಿಸಿದವರಲ್ಲಿ ನಿಘಂಟುಕಾರ ಕಿಟ್ಟೆಲರೂ ಒಬ್ಬರು. ಬಲ್ಮಠದಲ್ಲಿಯೂ ಧಾರವಾಡದಲ್ಲಿಯೂ ಬೆಟಗೇರಿಯಲ್ಲಿಯೂ ಭಾನುವಾರದ ಬೆಳಗ್ಗೆ ಅವು ಈಗಲೂ ಕೇಳಿಬರುತ್ತವೆ.