ದನಿಯನ್ನು ಒರೆಗೆ ಹಚ್ಚಿದ ಇಗ್ನೇಷಿಯಸ್

ಪ್ರಾರ್ಥನೆಗೆ ಕುಳಿತವನ ಮನಸ್ಸಿನಲ್ಲಿ ಏಳುವ ಮಾತೆಲ್ಲ ದೇವರದೇ ಎನ್ನಲಾದೀತೇ? ಹದಿನಾರನೆಯ ಶತಮಾನದ ಸ್ಪೇನಿನಲ್ಲಿ ಇದು ಬರಿಯ ತತ್ತ್ವಚರ್ಚೆಯಾಗಿರಲಿಲ್ಲ. ದೇವರು ತನ್ನೊಳಗೆ ನುಡಿದನೆಂದು ಸಾರಿದವನು ಧರ್ಮವಿಚಾರಣೆಯ ಅಧಿಕಾರಿಗಳಿಗೆ ಉತ್ತರ ಹೇಳಬೇಕಾಗಿ ಬರುತ್ತಿತ್ತು. ಅಂಥ ಕಾಲದಲ್ಲಿ ಆ ದನಿಯನ್ನು ಒರೆಗೆ ಹಚ್ಚುವ ಬಗೆಯನ್ನು ತನ್ನ ಅನುಭವದಿಂದಲೇ ಕಂಡುಕೊಂಡವನು ಲೊಯೋಲದ ಇಗ್ನೇಷಿಯಸ್.

ಆತ ಮೊದಲು ಯೋಧ. 1521ರ ಮೇ ತಿಂಗಳಲ್ಲಿ ಪಾಂಪ್ಲೋನದ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡು ಅವನ ಕಾಲನ್ನು ಮುರಿಯಿತು. ಹಾಸಿಗೆ ಹಿಡಿದವನು ಓದುವುದಕ್ಕೆ ವೀರರ ಕಥೆಗಳನ್ನು ಕೇಳಿದ. ಮನೆಯಲ್ಲಿದ್ದುದು ಕ್ರಿಸ್ತನ ಮತ್ತು ಸಂತರ ಚರಿತ್ರೆಗಳು. ಒಮ್ಮೆ ದೊಡ್ಡ ಮನೆತನದ ಹೆಣ್ಣೊಬ್ಬಳ ಮೆಚ್ಚುಗೆ ಗಳಿಸುವ ಹಗಲುಗನಸು, ಇನ್ನೊಮ್ಮೆ ಬರಿಗಾಲಿನಲ್ಲಿ ಜೆರೂಸಲೇಮಿಗೆ ನಡೆಯುವ ಕನಸು. ಕಾಣುವಾಗ ಎರಡೂ ಸವಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಬತ್ತಿಹೋಗುತ್ತಿತ್ತು. ಎರಡನೆಯದರ ನಲಿವು ಆಮೇಲೂ ಉಳಿಯುತ್ತಿತ್ತು. ಆತನ ವಿವೇಚನೆಗೆಲ್ಲ ಇದೇ ಬೀಜ.

ಮರುವರ್ಷ ಮನ್ರೆಸ ಎಂಬ ಊರಿನಲ್ಲಿ ದಿನಕ್ಕೆ ಏಳು ಗಂಟೆ ಮಂಡಿಯೂರಿ ಪ್ರಾರ್ಥಿಸಿದ. ಹಳೆಯ ಪಾಪಗಳ ಚಿಂತೆ ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಒಯ್ದಿತು. ಅಲ್ಲಿಯೇ ಮಲಗುವ ಹೊತ್ತಿಗೆ ಸರಿಯಾಗಿ ದೊಡ್ಡ ದೊಡ್ಡ ಅರಿವುಗಳು ಹೊಳೆಯತೊಡಗಿದವು. ಹಗಲೆಲ್ಲ ದೇವರಿಗೆ ಕೊಟ್ಟಾಗಿದೆ, ನಿದ್ರೆಯನ್ನು ಕದಿಯುವ ಬೆಳಕು ದೇವರದಾಗಿರಲಾರದೆಂದು ಅವನ್ನು ಬದಿಗೊತ್ತಿ ಮಲಗಿದ.

ಉಪಾಧ್ಯಾಯನಾದ ನನಗೆ ಬಹಳ ಹಿಡಿಸುವುದು ಬಾರ್ಸಿಲೋನದ ಪ್ರಸಂಗ. 1524ರಲ್ಲಿ, ಮೂವತ್ತು ದಾಟಿದ ವಯಸ್ಸಿನಲ್ಲಿ, ಆತ ಲ್ಯಾಟಿನ್ ವ್ಯಾಕರಣ ಕಲಿಯಲು ಕುಳಿತ. ಬಾಯಿಪಾಠಕ್ಕೆ ತೊಡಗಿದೊಡನೆ ಭಕ್ತಿಯ ಹೊಸ ಹೊಳಹುಗಳು ನುಗ್ಗಿ ಬರುತ್ತಿದ್ದವು. ಪಾಠ ತಲೆಗೆ ಹತ್ತದು. ಪ್ರಾರ್ಥನೆಯಲ್ಲೂ ಪೂಜೆಯಲ್ಲೂ ಬಾರದ ಈ ಸವಿ ಪಾಠದ ಹೊತ್ತಿನಲ್ಲೇ ಬರುವುದೇಕೆ? ಇದು ಪ್ರಲೋಭನೆಯೆಂದು ತೀರ್ಮಾನಿಸಿ, ಗುರುವನ್ನು ಸಾಂತಾ ಮರಿಯಾ ದೆಲ್ ಮಾರ್ ಇಗರ್ಜಿಗೆ ಕರೆದೊಯ್ದ. ರೊಟ್ಟಿ ನೀರು ದೊರೆಯುವವರೆಗೆ ಎರಡು ವರ್ಷ ಪಾಠ ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟ. ವ್ಯಾಕರಣದ ಪಕ್ಷ ವಹಿಸಿದ ಅನುಭಾವಿಗಳು ವಿರಳ!

1527ರಲ್ಲಿ ಅಲ್ಕಲಾದಲ್ಲಿ ಆತ 42 ದಿನ ಸೆರೆಯಲ್ಲಿದ್ದ. ಓದು ಮುಗಿಯುವವರೆಗೆ ಧರ್ಮವನ್ನು ಬೋಧಿಸಕೂಡದೆಂಬ ಅಪ್ಪಣೆಯಾಯಿತು. ಓದಲು ಪ್ಯಾರಿಸಿಗೆ ಹೋದ. ಅಲ್ಲಿ ದೊರೆತ ಗೆಳೆಯರೊಡನೆ ಕಟ್ಟಿದ ಯೇಸುಸಭೆಗೆ 1540ರಲ್ಲಿ ಪೋಪರ ಒಪ್ಪಿಗೆ ಸಿಕ್ಕಿತು. ಮಂಗಳೂರಿನಲ್ಲಿ 1880ರಲ್ಲಿ ಸಂತ ಎಲೋಶಿಯಸ್ ಕಾಲೇಜನ್ನು ತೆರೆದವರು ಈ ಸಭೆಯವರೇ.

ಆತನ ಸಾಧನೆಯ ಕ್ರಮ 1548ರಲ್ಲಿ ರೋಮಿನಲ್ಲಿ ಅಚ್ಚಾಯಿತು. ದೊಡ್ಡ ದರ್ಶನಗಳಿಗಿಂತ ದಿನದಿನದ ಎಚ್ಚರಕ್ಕೆ ಅಲ್ಲಿ ಬೆಲೆ. ಬೆಳಗ್ಗೆ ಎದ್ದೊಡನೆ, ತಿದ್ದಿಕೊಳ್ಳಬೇಕಾದ ಒಂದು ದೋಷವನ್ನು ನೆನೆಯಬೇಕು. ನಡುಹಗಲಿನ ಊಟದ ಮೇಲೊಮ್ಮೆ, ರಾತ್ರಿಯ ಊಟದ ಮೇಲೊಮ್ಮೆ ಗಂಟೆಗಂಟೆಯ ಲೆಕ್ಕ ನೋಡಿ, ತಪ್ಪಿದಷ್ಟು ಸಲ ಗೆರೆಯ ಮೇಲೆ ಚುಕ್ಕೆಯಿಡಬೇಕು. ದಿನಕ್ಕೂ ದಿನಕ್ಕೂ, ವಾರಕ್ಕೂ ವಾರಕ್ಕೂ ಹೋಲಿಸಬೇಕು. ಎಡವಿದ ಕ್ಷಣದಲ್ಲಿ ಎದೆಯ ಮೇಲೆ ಕೈಯಿಟ್ಟುಕೊಳ್ಳಬೇಕು. ನಾಲ್ಕು ಜನರ ನಡುವೆಯೂ ಯಾರಿಗೂ ತಿಳಿಯದಂತೆ ಇದನ್ನು ಮಾಡಬಹುದೆಂದು ಸೂಚಿಸಿದ್ದಾನೆ.