‘ಒಡಲಾಳ’ ಓದಿ ಏನು ಅಡಿಗಿ ಮಾಡ್ತೀರಿ?

ಹಳೇ ಪುಸ್ತಕದಾಗಿನ ಅಡಿಗಿ ಮತ್ತೆ ಮಾಡಿ ಬಡಿಸೋದು ಈಗ ಜೋರಾಗೇತಿ. ಕಾದಂಬರಿಯೊಳಗ ಬಂದ ಹೋಳಿಗಿ, ಕಡಬು, ತಂಬುಳಿ ಮಾಡಿ ಫೋಟೊ ಹಾಕ್ತಾರ. ಬಾದಾಮಿಗೆ ಬಂದವರು ‘ಚಾಲುಕ್ಯರ ಕಾಲದ ಊಟ’ ಹುಡುಕ್ತಾರ. ತಪ್ಪೇನಿಲ್ಲ. ಆದ್ರ ನನ್ನದೊಂದು ಪ್ರಶ್ನೆ: ದೇವನೂರ ಮಹಾದೇವರ ‘ಒಡಲಾಳ’ ಓದಿ ಏನು ಅಡಿಗಿ ಮಾಡ್ತೀರಿ?

ಓದಿದವರಿಗೆ ನೆನಪಿರತೈತಿ. ಸಾಕವ್ವನ ಮನಿಗೆ ರಾತ್ರಿ ಒಂದು ಮೂಟಿ ಕಡ್ಲೆಕಾಯಿ ಬರತೈತಿ, ಕದ್ದದ್ದು. ಮನಿಮಂದಿ ಎಲ್ಲಾ ಬೆಂಕಿ ಸುತ್ತ ಕೂತು ತಿಂತಾರ. ಬೆಳಕು ಹರಿಯೋದ್ರಾಗ ಸಿಪ್ಪಿ ಸೈತ ಉಳೀಬಾರದು, ಯಾಕಂದ್ರ ಪೊಲೀಸರು ಬರ್ತಾರ. ಕನ್ನಡದ ದೊಡ್ಡ ಕೃತಿಯೊಂದರ ಹಬ್ಬದೂಟ ಅದು. ಎಣ್ಣಿ ಇಲ್ಲ, ಒಗ್ಗರಣಿ ಇಲ್ಲ, ಅಳತಿ ಇಲ್ಲ. ಹೊಟ್ಟಿ ತುಂಬಿಸ್ಕೊಳ್ಳೋದೂ ಸಾಕ್ಷಿ ಅಳಿಸೋದೂ ಅಲ್ಲಿ ಒಂದೇ ಕೆಲಸ. ಹಳೇ ಮೈಸೂರು ಸೀಮಿಯ ಕಥಿ ಆದ್ರೂ ಶೇಂಗಾ ಬೆಳೆಯೋ ಹುನಗುಂದ, ಬಾದಾಮಿ ಕಡೆಯ ಕೂಲಿಕಾರರಿಗೆ ಅದು ಹೊಸದಲ್ಲ. ಸೆರಗಿನ ತುದಿಗೆ ನಾಲ್ಕು ಶೇಂಗಾ ಕಟ್ಕೊಂಡ ಅವ್ವ ಬದುವಿನ ಮ್ಯಾಲೆ ಸೆರಗು ಬಿಚ್ಚಿ ತೋರಿಸಿದ ಕಥಿ ನಮ್ಮ ಕೇರಿಯೊಳಗೂ ಅದಾವ.

ಇನ್ನ ಅಡಿಗಿ ಪುಸ್ತಕ ಬರೆದವರು ಯಾರು ನೋಡ್ರಿ. ನಮ್ಮ ಈ ಸೀಮೆಯನ್ನೂ ಆಳಿದ ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ಅದರ ಅನ್ನಭೋಗದ ಭಾಗದಲ್ಲಿ ಇಡ್ಲಿ, ದೋಸೆಯ ಹಿರೀಕರಾದ ಇಡ್ಡರಿಕಾ, ದೋಸಕ ಇವೆ. ಇದನ್ನ ಎಲ್ಲರೂ ಹೆಮ್ಮೆಯಿಂದ ಹೇಳ್ತಾರ. ಅದೇ ಗ್ರಂಥದಾಗ ಕಾಡುಹಂದಿ, ಆಮೆ, ಕುರಿಯ ನೆತ್ತರು, ಹೊಲದ ಇಲಿ ಬೇಯಿಸೋ ಕ್ರಮಾನೂ ಐತಿ. ಅದನ್ನ ಹೇಳೋರು ಕಡಿಮಿ. ರಾಜ ತಿಂದ ಇಲಿ ಪಾಕಶಾಸ್ತ್ರ ಆತು, ನಮ್ಮವರು ತಿಂದ ಇಲಿ ಬೈಗಳ ಆತು. ಮುಂದೆ 1508ರ ಸುಮಾರಿಗೆ ಮೂರನೇ ಮಂಗರಸ ಕನ್ನಡದಲ್ಲೇ ‘ಸೂಪಶಾಸ್ತ್ರ’ ಬರೆದ. ಅದು ಪೂರ್ತಿ ಸಸ್ಯಾಹಾರದ್ದು. ಎರಡನ್ನೂ ಓದಬೇಕು. ಆದ್ರ ಕಾಳು ಬೆಳೆದವರು, ಸೌದಿ ಒಡೆದವರು ಏನು ಉಂಡರು ಅನ್ನೋದು ಎರಡರಾಗೂ ಇಲ್ಲ.

ಇನ್ನೊಂದು ಮಾತು. ‘ಶುದ್ಧ ಸಂಪ್ರದಾಯದ ಊಟ’ ಅಂತ ಇಡೋ ತಾಟಿನಾಗ ಕೆಂಪು ಖಾರ, ಶೇಂಗಾ ಹಿಂಡಿ ಇದ್ದೇ ಇರ್ತಾವ. ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದಿಂದ ಬಂದವು. ಸೋಮೇಶ್ವರ ಅವನ್ನು ಕಂಡೇ ಇರಲಿಲ್ಲ. ಸಮುದ್ರ ದಾಟಿ ಬಂದ ಕಾಯಿ ಅಡಿಗಿಮನಿ ಒಳಗ ಹೋತು, ಊರಾಗ ಹುಟ್ಟಿದ ನಾವು ಹೊರಗ ಉಳಿದ್ವಿ.

ಹಂಗಾದ್ರ ನಮ್ಮ ಊಟ ಎಲ್ಲಿ ದಾಖಲಾತು? ಕಥಿಯೊಳಗ. ಮಾದಾರ ಚೆನ್ನಯ್ಯನ ಕಥಿ ನೋಡ್ರಿ. ಚೋಳರಾಜನ ಕುದುರೆಗೆ ಹುಲ್ಲು ಕೊಯ್ಯುತ್ತಿದ್ದ ಚೆನ್ನಯ್ಯನ ಅಂಬಲಿಯನ್ನು ಶಿವ ಉಂಡ, ರಾಜನ ಭಕ್ಷ್ಯ ಹಂಗೇ ಉಳೀತು ಅಂತ ಶರಣರ ಪುರಾಣ ಹೇಳತಾವ. ಅದೇ ಚೆನ್ನಯ್ಯನನ್ನು ಬಸವಣ್ಣ ತನ್ನ ಅಪ್ಪ ಎಂದು ಕರೆದ. ಆ ಬಸವಣ್ಣ ಐಕ್ಯನಾದ ಕೂಡಲಸಂಗಮ ನಮ್ಮ ಹುನಗುಂದ ತಾಲೂಕಿನಾಗೇ ಐತಿ. ಕಥಿಗೆ ಎಲ್ಲರೂ ಕೈ ಮುಗೀತಾರ. ಅಂಬಲಿ ಕೊಟ್ಟ ಕೇರಿಯ ಮನಿಯೊಳಗ ಕೂತು ಉಣ್ಣೋರು ಎಷ್ಟು ಮಂದಿ?

ಆ ಮನಿಯ ಅಡಿಗಿ ಹೇಳ್ತೀನಿ ಕೇಳ್ರಿ. ಜೋಳದ ನುಚ್ಚು. ರಾತ್ರಿ ಮಡಿಕ್ಯಾಗಿಟ್ಟು ಮುಂಜಾನಿಗೆ ಹುಳಿ ಬಂದ ಅಂಬಲಿ. ಕಸ ತೆಗೆಯಾಕ ಹೋದಾಗ ಹೊಲದಾಗ ಪುಕ್ಕಟೆ ಸಿಕ್ಕ ಹಕ್ಕರಕಿ, ಕಿರಕಸಾಲಿ. ನುಚ್ಚು ಹಾಕಿ ಕುದಿಸಿದ ಪುಂಡಿಪಲ್ಯ. ಬಿಸಿಲಿಗೆ ಹಗ್ಗದ ಮ್ಯಾಲೆ ಒಣಗಿಸಿದ ಖಂಡ, ಬೋಟಿ, ನೆತ್ತರ ಪಲ್ಯ. ಗೋವಾಕ್ಕ, ಮಂಗಳೂರಿಗೆ ಗುಳೇ ಹೋಗೋರು ಗಂಟು ಕಟ್ಟಿದ ಕಟಕ ರೊಟ್ಟಿ. ವಾರಗಟ್ಟಲೆ ಕೆಡಬಾರದು ಅಂತ ಒಣಗಿಸಿದ ಆ ರೊಟ್ಟಿ ಇವತ್ತು ಪ್ಯಾಕೆಟ್ಟಿನಾಗ ‘ಉತ್ತರ ಕರ್ನಾಟಕ ಸ್ಪೆಷಲ್’ ಆಗೇತಿ. ಗುಳೇ ಹೋದವರ ಹೆಸರು ಮಾತ್ರ ಅದರ ಮ್ಯಾಲಿಲ್ಲ.

ಇವು ಶೋಕಿಗೆ ಹುಟ್ಟಿದ ಅಡಿಗಿ ಅಲ್ಲ. 1876-78ರ ಬರದ ಕಾಲಕ್ಕೆ ಬಾಗಲಕೋಟಿ, ಬಾದಾಮಿ, ಹುನಗುಂದ, ಇಳಕಲ್ ಎಲ್ಲಾ ಕಲಾದಗಿ ಜಿಲ್ಲೆಯೊಳಗಿದ್ದವು. 1872ರಲ್ಲಿ ಆ ಜಿಲ್ಲೆಯ ಜನಸಂಖ್ಯೆ ಸುಮಾರು 8 ಲಕ್ಷ 16 ಸಾವಿರ, 1881ರಲ್ಲಿ 6 ಲಕ್ಷ 38 ಸಾವಿರ. ಸತ್ತವರು, ಊರು ಬಿಟ್ಟವರು ಎಲ್ಲಾ ಆ ಲೆಕ್ಕದಾಗ ಅದಾರ. ಅದೇ ಬರದಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಮ್ಯಾಲೆ ಚಿಲ್ಲರೆ ಕಾಸು ಸಾಕು ಎಂದ. ಒಂದು ಪೌಂಡ್ ಅಂದ್ರ ಸುಮಾರು 450 ಗ್ರಾಂ. ಕಲ್ಲು ಒಡೆಯೋ ಮನಷ್ಯಾಗ! ಬರದಾಗ ಏನೇನು ತಿಂದು ಜೀವ ಹಿಡಿದ್ರು ಅಂತ ಯಾವ ಸೂಪಶಾಸ್ತ್ರ ಹೇಳತೈತಿ?

ಇಲ್ಲೇ ನಮ್ಮೊಳಗೂ ಒಂದು ಜಗಳ ಐತಿ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡ್ರಿ, ಊರವರ ಎಂಜಲಿಗೆ ಕೈ ಒಡ್ಡಬ್ಯಾಡ್ರಿ ಅಂದ್ರು. ಆಗ ನಮ್ಮ ಜಿಲ್ಲೆಯೂ ಅದೇ ಮುಂಬಯಿ ಪ್ರಾಂತದಾಗಿತ್ತು. ಆ ಮಾತು ಕೇಳಿ ಬಿಟ್ಟವರು ಹಸಿವಿಗಿಂತ ಮಾನ ದೊಡ್ಡದು ಅಂತ ಬಿಟ್ರು. ಈಗ ನಾವು ‘ದಲಿತರ ಸಾಂಪ್ರದಾಯಿಕ ಅಡಿಗಿ’ ಅಂತ ಅದನ್ನೇ ಮೆರೆಸಬೇಕೇನು ಅಂತ ಹಿರಿಯರು ಕೇಳ್ತಾರ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟು: ಹೇರಿದ ಎಂಜಲು ಬ್ಯಾರೆ, ದುಡಿದು ತಂದು ಕುದಿಸಿದ ಊಟ ಬ್ಯಾರೆ. ಮೊದಲನೇದನ್ನ ಬರೆದಿಡೋದು ಸಾಕ್ಷಿಗೆ. ಎರಡನೇದನ್ನ ಬರೆದಿಡೋದು ಹಕ್ಕಿಗೆ. ಎರಡನ್ನೂ ಕಲಸಬಾರದು, ಎರಡನ್ನೂ ಮುಚ್ಚಿಡಬಾರದು.

ಯಾಕಂದ್ರ ಮುಚ್ಚಿಟ್ಟಷ್ಟೂ ನಮ್ಮ ತಾಟಿನ ಮ್ಯಾಲೆ ಇನ್ನೊಬ್ಬರು ತೀರ್ಪು ಬರೀತಾರ. 2021ರ ಡಿಸೆಂಬರ್‌ನಲ್ಲಿ ಪಕ್ಕದ ವಿಜಯಪುರವೂ ಸೇರಿ ಕೆಲವು ಜಿಲ್ಲೆಗಳ ಶಾಲೆ ಮಕ್ಕಳಿಗೆ ತತ್ತಿ ಕೊಟ್ರ ಕೆಲ ಮಠಾಧೀಶರು ವಿರೋಧ ಮಾಡಿದ್ರು. 2024ರ ಡಿಸೆಂಬರ್‌ನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಮದ್ಯ, ತಂಬಾಕಿನ ಸಾಲಿನಾಗ ಮಾಂಸಾಹಾರವನ್ನೂ ಸೇರಿಸಿ ಬ್ಯಾಡ ಅಂದ್ರು. ಬಾಡೂಟ ಕೇಳಿ ಜನ ಬೀದಿಗೆ ಇಳೀಬೇಕಾತು. ‘ಒಡಲಾಳ’ ಕನ್ನಡದ ಹೆಮ್ಮೆ. ಸಾಕವ್ವನ ಮನಿಯವರು ಉಣ್ಣೋದು ಮಾತ್ರ ಕನ್ನಡದ ಪಂಕ್ತಿಗೆ ಬ್ಯಾಡ ಅಂದ್ರ ಹೆಂಗ?

ದಾರಿ ತೋರಿಸಿದವರು ಅದಾರ. ಶಾಹು ಪಾಟೋಳೆ ಮರಾಠವಾಡದ ಮಹಾರ್, ಮಾಂಗ್ ಮನಿಗಳ ಅಡಿಗಿಯನ್ನು 2015ರಲ್ಲಿ ‘ಅನ್ನ ಹೇ ಅಪೂರ್ಣ ಬ್ರಹ್ಮ’ ಅಂತ ಮರಾಠಿಯಲ್ಲಿ ಪುಸ್ತಕ ಮಾಡಿದ್ರು. ‘ಅನ್ನ ಪೂರ್ಣಬ್ರಹ್ಮ’ ಅನ್ನೋರಿಗೆ ಆ ಒಂದು ‘ಅ’ ಸಾಕಾತು. 2024ರಲ್ಲಿ ಅದು ಇಂಗ್ಲಿಷಿಗೂ ಹೋತು. ನಮ್ಮ ಕೇರಿಗಳ ಅಡಿಗಿಗೂ ಕನ್ನಡದಾಗ ಅಂಥಾ ಪುಸ್ತಕ ಬೇಕು.

ಅದಕ್ಕ ಒಂದು ಕೆಲಸ ಹೇಳ್ತೀನಿ. ಬರೋ ಏಪ್ರಿಲ್ 14ಕ್ಕ ನಿಮ್ಮ ಕೇರಿಯೊಳಗ ಪಲಾವಿನ ಜೊತೆ ಒಂದು ಗಡಿಗಿ ಅಂಬಲಿ ಕಾಯಿಸ್ರಿ. ವಯಸ್ಸಾದ ಒಬ್ಬ ಆಯಿಯನ್ನ ಕೂಡಿಸಿಕೊಂಡು ಬರ್ಕೊಳ್ಳಿ. ಎಷ್ಟು ಚಮಚ ಉಪ್ಪು ಅಂತಲ್ಲ. ಆ ಜೋಳ ಯಾರ ಹೊಲದ್ದು, ಎಷ್ಟು ದಿನದ ಕೂಲಿ, ಎಷ್ಟು ಬಾಯಿಗೆ ಹಂಚಿದ್ರು, ಕಡೀಗೆ ಉಂಡಾಕಿ ಯಾರು, ಆಕಿಗೆ ಎಷ್ಟು ಉಳೀತು ಅಂತ. ಬರೆದದ್ದನ್ನ ಇಲ್ಲೇ ಕೆಳಗ ಹಾಕ್ರಿ, ಊರಿನ ಹೆಸರು ಸಹಿತ.

ಜೈ ಭೀಮ್.