ತಂಗಲಿ ತಾಂಡಾದ ಹುಡುಗಿ

ಬೆಟಗೇರಿಯ ಸೆಟ್ಲಮೆಂಟ್ ದಾಟುವಾಗೆಲ್ಲ ನಮಗೆ ಕೆ. ವೆಂಕಟಲಕ್ಷ್ಮಮ್ಮ ನೆನಪಾಗುತ್ತಾರೆ. ಆಕೆ ಈ ಕಡೆಯವರಲ್ಲ. ಕಡೂರಿನ ತಂಗಲಿ ತಾಂಡಾದ ಲಂಬಾಣಿ ಮನೆಯಲ್ಲಿ 1906ರಲ್ಲಿ ಹುಟ್ಟಿದವರು. ಆದರೆ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಸೀಮೆಯ ತಾಂಡಾಗಳಿಗೆ ಹೊರಗಿನವರೂ ಅಲ್ಲ.

ಎತ್ತಿನ ಮೇಲೆ ಉಪ್ಪು, ದವಸ ಹೇರಿ ನಾಡು ಸುತ್ತಿದ ಲಂಬಾಣಿಗರ ಹೊಟ್ಟೆ ಮೇಲೆ ರೈಲು ಹೊಡೆಯಿತು. ಸಾಲದ್ದಕ್ಕೆ, 1871ರಲ್ಲಿ ಬ್ರಿಟಿಷರು ತಂದ ಕಾಯ್ದೆ ಅಲೆಮಾರಿ ಕುಲಗಳನ್ನು ಹುಟ್ಟುಗಳ್ಳರೆಂದು ಬರಕೊಂಡಿತು. ಈ ಸೆಟ್ಲಮೆಂಟೂ ಆ ಕಾಯ್ದೆಯ ಕೂಸೇ. ಕಾಯ್ದೆ ಹೋಯಿತು, ಹೆಸರು ಉಳೀತು.

ಅಂಥ ಕಾಲದಲ್ಲಿ ಎಂಟು ವರ್ಷದ ಲಂಬಾಣಿ ಹುಡುಗಿ ಮೈಸೂರಿನ ಜಟ್ಟಿ ತಾಯಮ್ಮನವರ ಮುಂದೆ ಗೆಜ್ಜೆ ಕಟ್ಟಿ ನಿಂತಳು. 1918ರಲ್ಲಿ ರಂಗಪ್ರವೇಶ. 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಸ್ಥಾನ ವಿದುಷಿ ಮಾಡಿದರು. ಆಕೆಯ ಬಲವೆಲ್ಲ ಅಭಿನಯದಲ್ಲಿ: ಪದದ ಒಂದೇ ಸಾಲನ್ನು ಕಣ್ಣು, ಹುಬ್ಬು, ಬೆರಳಿಂದ ಹತ್ತು ಬಗೆ ಬಿಡಿಸೋದು. ಅರಮನೆಗೆ ಅದು ಮನರಂಜನೆ ಇರಬಹುದು. ಆಕೆಗೆ ಮೈಮುರಿವ ದುಡಿಮೆ.

ನೃತ್ಯದ ಪುಸ್ತಕಗಳು ಅರಮನೆಯ ಬಿರುದನ್ನು ದೊಡ್ಡದು ಮಾಡಿ ಬರೀತಾವೆ. ತಾಂಡಾ ಒಂದು ಸಾಲಿಗೆ ಮುಗೀತದೆ. ತಾಂಡಾದ ಹೆಂಗಸರು ಕುಣಿದರೆ ಜಾನಪದ, ತಾಂಡಾದ ಮಗಳು ಅರಮನೆಯಲ್ಲಿ ಕುಣಿದರೆ ಶಾಸ್ತ್ರೀಯ! ಈ ಗೆರೆ ಎಳೆದವರು ಯಾರಪ್ಪ?

ಒಂದು ಕಾಲಕ್ಕೆ ‘ಸೂಳೆಯರ ಕುಣಿತ’ ಎಂದು ಮೂಗು ಮುರಿದವರೇ ಮುಂದೆ ತಮ್ಮ ಹೆಣ್ಣುಮಕ್ಕಳಿಗೆ ಗೆಜ್ಜೆ ಕಟ್ಟಿಸಿದರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ನೃತ್ಯ ವಿಭಾಗ ತೆರೆದಾಗ ಮೊದಲ ರೀಡರ್ ಆಗಿ ಕಲಿಸಿದವರು ಇದೇ ವೆಂಕಟಲಕ್ಷ್ಮಮ್ಮ. 1974ರಲ್ಲಿ ನಿವೃತ್ತಿ. ಪದ್ಮಭೂಷಣ ಬಂದದ್ದು 1992ಕ್ಕೆ, ಆಗ ಆಕೆಗೆ ಎಂಬತ್ತಾರು. 2002ರಲ್ಲಿ ತೀರಿಕೊಂಡರು.